ಪೆಂಗ್ವಿನ್ ವಾರದ ಚೀಟಿ

ಆಪಾ ಅವರ ಬಲಗೈಗೆ ಮಣಿಕಟ್ಟಿನವರೆಗೂ ವನಸ್ಪತಿ ತುಪ್ಪ ಮೆತ್ತಿಕೊಂಡಿರುತ್ತಿತ್ತು, ಎಡಗೈ ಬರಿದು. ಎರಡನ್ನೂ ಐಸ್ ತುಂಬಿದ ಟಬ್ಬಿನಲ್ಲಿ ಅದ್ದಿ, ಎಡಗೈ ಕೆಂಪಗಾಗಿ ನಡುಗುವವರೆಗೂ ಕೂತಿರುತ್ತಿದ್ದರು. ಸುತ್ತ ಕೂತ ಮೂರು ನಾಲ್ಕು ವರ್ಷದ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದವು. "ಪೆಂಗ್ವಿನ್ನಿಗೆ ಚರ್ಮದ ಕೆಳಗ ಹಿಂಗ ದಪ್ಪ ಕೊಬ್ಬು ಇರ್ತದ. ಅದಕ್ಕ ಥಂಡಿ ಹತ್ತಂಗಿಲ್ಲ, ನೋಡ್ರಪಾ" ಎಂದು ಬಲಗೈ ಎತ್ತಿ ತೋರಿಸುತ್ತಿದ್ದರು. "ಆರ್ ಯು ಎ ಪೆಂಗ್ವಿನ್?" ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ, "ಅರ್ಧಾ ಆಗೀನಿ" ಅಂದಿದ್ದರು.

ಅಮೆರಿಕದ ಟೀಚರುಗಳ ಪುಸ್ತಕದಲ್ಲಿ ಹೇಳಿದ್ದು ಹಂದಿಯ ಕೊಬ್ಬು. ಅದು ಆಪಾ ಮನೆಗೂ ಆಗದು, ನಮ್ಮ ಮನೆಗೂ ಆಗದು. ಹಾಗಾಗಿ ವನಸ್ಪತಿ ಬಂತು. ಮೊಟ್ಟೆ ಮುಟ್ಟಬಾರದೆನ್ನುವ ಮನೆಗಳೂ ಇದ್ದವು. ಅವರಿಗಾಗಿ ಪಕ್ಕದೂರು ಸರಟೋಗಾದ ಯಾರದೋ ಹಿತ್ತಲಿನಿಂದ ದಪ್ಪ ನಿಂಬೆಹಣ್ಣು ತರಿಸಿ, ಅದನ್ನೇ ಪೆಂಗ್ವಿನ್ ಮೊಟ್ಟೆ ಎನ್ನುತ್ತಿದ್ದರು.

ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ ಅವರು ಧಾರವಾಡದವರು. ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿ, ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಇರಲು ಅಮೆರಿಕಕ್ಕೆ ಬಂದವರು. ಮೌಂಟನ್ ವ್ಯೂ ಎಂಬ ಊರಿನಲ್ಲಿ ಒಂದು ಸಮುದಾಯ ಭವನದ ಹಿಂದಿನ ಕೋಣೆ ಹಿಡಿದು ಶಿಶುವಿಹಾರ ನಡೆಸುತ್ತಿದ್ದರು. ಹತ್ತು ಮಕ್ಕಳಿಗಿಂತ ಕಡಿಮೆಯಾದರೆ ಕೋಣೆ ಬಿಡಬೇಕೆಂಬುದು ಭವನದವರ ಕರಾರು. ನನ್ನದು ಗಂಡನ ಬಾಲ ಹಿಡಿದು ಬಂದ ವೀಸಾ, ಕೆಲಸ ಮಾಡುವಂತಿರಲಿಲ್ಲ. ಮಗಳೂ ಅಲ್ಲೇ ಇದ್ದದ್ದರಿಂದ ಆಪಾಗೆ ಕೈಜೋಡಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆಯುವ ಕೆಲಸವೆಲ್ಲ ನನ್ನದು. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಆಗ ಸ್ವಲ್ಪ ಜಂಬವಿತ್ತು.

ಪೆಂಗ್ವಿನ್ ವಾರದ ಕೊನೆಯ ದಿನ, ಶುಕ್ರವಾರ ಬೆಳಗ್ಗೆ ಹತ್ತಕ್ಕೆ, ಅಪ್ಪಂದಿರ ಆಟ. ತಾಯಿ ಪೆಂಗ್ವಿನ್ ಕಡಲಿಗೆ ಹೋದಾಗ ತಂದೆಯೇ ಎರಡು ತಿಂಗಳು ಉಪವಾಸ ನಿಂತು, ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಕಾಯುತ್ತದೆ. ಚಳಿಗಾಳಿಗೆ ಆ ತಂದೆಗಳೆಲ್ಲ ಗುಂಪುಗೂಡಿ, ಒಳಗೆ ಹೊರಗೆ ಸರದಿ ಬದಲಿಸುತ್ತ ನಿಲ್ಲುತ್ತವೆ. ಅದನ್ನು ಮಕ್ಕಳಿಗೆ ಆಡಿ ತೋರಿಸಬೇಕು. ಪ್ರತಿ ವರ್ಷ ಇಬ್ಬರೋ ಮೂವರೋ ಅಪ್ಪಂದಿರು ಬಂದು, ಗಡಿಯಾರ ನೋಡಿಕೊಂಡು ಆಫೀಸಿಗೆ ಓಡುತ್ತಿದ್ದರು. ಉಳಿದ ಮಕ್ಕಳಿಗೆಲ್ಲ ಆಪಾನೇ ಅಪ್ಪ.

ನಾವು ಅಲ್ಲಿದ್ದ ಕೊನೆಯ ಚಳಿಗಾಲ ಇಂಟರ್‌ನೆಟ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಆಪಾ ಅಂದಿದ್ದು ಇಷ್ಟೇ: "ಬರೂ ಮಂದಿ ಬರ್ರಿ ಅಂತ ಒಂದು ಚೀಟಿ ಬರಿ ತಂಗಿ, ಸಾಕು." ನನಗೆ ಅಷ್ಟು ಸಾಲಲಿಲ್ಲ. 'ಯಾವ ಮಗುವೂ ಅಪ್ಪನಿಲ್ಲದೆ ನಿಲ್ಲಬಾರದು, ತಪ್ಪದೆ ಬನ್ನಿ' ಎಂದು ಬರೆದೆ. ಮೂಲೆಯಲ್ಲೊಂದು ಪೆಂಗ್ವಿನ್ ಬಿಡಿಸಿ, ಆಪಾಗೆ ತೋರಿಸದೆಯೇ ಹದಿನಾಲ್ಕು ಮನೆಗೂ ಕಳಿಸಿದೆ.

ಹನ್ನೊಂದು ಜನ ಬಂದರು.

ಇಸ್ತ್ರಿ ಮಾಡಿದ ಶರ್ಟು, ಹೆಗಲಲ್ಲಿ ಆಫೀಸಿನ ಬ್ಯಾಗು. ಮೊದಲು ಬಂದವರು "ಇವತ್ತು ಲೀವ್ ಹಾಕಿದೆ" ಅಂದರು. ಎರಡನೆಯವರು "ನಾನೂ ಲೀವೇ" ಎಂದು ನಕ್ಕರು. ಆರನೆಯವರು ಬರುವ ಹೊತ್ತಿಗೆ ಲೀವಿನ ಮಾತು ನಿಂತಿತ್ತು. ಎಂಟನೆಯವರು ನನ್ನ ಗಂಡ. ಅವರ ಕೆಲಸ ಹೋಗಿ ಮೂರು ವಾರವಾಗಿತ್ತು. ದಿನಾ ಬೆಳಗ್ಗೆ ಬ್ಯಾಗು ಹಿಡಿದು ಹೊರಟು ಪಾಲೋ ಆಲ್ಟೋದ ಲೈಬ್ರರಿಯಲ್ಲಿ ಕೂತು ಬರುತ್ತಿದ್ದರು. ಮುಚ್ಚಿಟ್ಟವರು ನಾವು ಮಾತ್ರ ಎಂದುಕೊಂಡಿದ್ದೆ. ಬಾಗಿಲಲ್ಲಿ ಅವರು ಉಳಿದವರ ಮುಖ ನೋಡಿದರು, ಉಳಿದವರು ಇವರ ಮುಖ ನೋಡಿದರು.

ಎಲ್ಲರದೂ ಕೆಲಸ ಹೋಗಿದೆ ಎಂದು ಆಪಾಗೂ ಅರ್ಥವಾಯಿತು. ನಿಂಬೆಹಣ್ಣಿನ ಬುಟ್ಟಿ ಎತ್ತಿಕೊಂಡರು. ಆಮೇಲೆ ಒಬ್ಬೊಬ್ಬರ ಮುಂದೆಯೂ ಬಗ್ಗಿ, ಪಾದದ ಮೇಲೆ ಒಂದೊಂದು ಹಣ್ಣು ಇಟ್ಟರು. "ಒಬ್ಬರಿಗೊಬ್ಬರು ಹತ್ತಿ ನಿಲ್ರಿ. ಹೊರಗಿದ್ದಾವ್ರು ಒಳಗ ಬರ್ಬೇಕು, ಒಳಗಿದ್ದಾವ್ರು ಹೊರಗ ಹೋಗ್ಬೇಕು. ಒಬ್ಬರೇ ಗಾಳಿಗೆ ನಿಲ್ಲಂಗಿಲ್ಲ." ಹನ್ನೊಂದು ಜನ ಇಂಜಿನಿಯರುಗಳು ಹೆಗಲಿಗೆ ಹೆಗಲು ತಾಗಿಸಿ ಇಂಚು ಇಂಚಾಗಿ ಸುತ್ತಿದರು. ಮಕ್ಕಳಿಗೆ ಹಬ್ಬ. "ಡ್ಯಾಡಿ, ಡೋಂಟ್ ಡ್ರಾಪ್ ಇಟ್!" ಎಂದು ಒಂದು ಹುಡುಗಿ ಕಿರುಚಿದಳು. ಆಕೆಯ ಅಪ್ಪನ ಪಾದದಿಂದ ಹಣ್ಣು ಜಾರಿ ಉರುಳಿತು. ಅವರು ಅದನ್ನು ಎತ್ತಿಕೊಳ್ಳದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಿಂತುಬಿಟ್ಟರು.

ಸೋಮವಾರ ನಾಲ್ವರು ಅಮ್ಮಂದಿರು ಬಂದರು. "ನಮ್ಮ ಮನೆ ಗಂಡಸ್ರನ್ನ ಸಾಲಾಗಿ ನಿಲ್ಸಿ ತಮಾಷೆ ನೋಡಿದ್ರಾ? ಇಡೀ ಊರಿಗೆ ಗೊತ್ತಾಯ್ತು. ತಪ್ಪದೆ ಬನ್ನಿ ಅಂತ ಬರೆದಿದ್ದು ಯಾರು?" ನಾನು ಸಿಂಕಿನ ಹತ್ತಿರ ಟಬ್ಬು ತೊಳೆಯುತ್ತಿದ್ದೆ. ಆಪಾ ನನ್ನ ಕಡೆ ತಿರುಗಿಯೂ ನೋಡದೆ, "ನಾನೇ ಬರಸೀನ್ರಿ. ತಪ್ಪಾತು" ಅಂದರು. ತೊಳೆದ ಟಬ್ಬನ್ನೇ ನಾನು ಮತ್ತೆ ತೊಳೆದೆ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾಲ್ಕು ಬೈಗುಳ ತಿನ್ನುತ್ತಿದ್ದೆ, ಅಷ್ಟೇ.

ಮರುವಾರ ಆರು ಮಕ್ಕಳು ಬರಲಿಲ್ಲ. ಕೆಲಸವಿಲ್ಲದೆ ವೀಸಾ ಉಳಿಯದು, ಹೇಗೂ ಆ ಮನೆಗಳೆಲ್ಲ ಒಂದೆರಡು ತಿಂಗಳಲ್ಲಿ ಊರಿಗೆ ಹೊರಡುತ್ತಿದ್ದವು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜವೂ ಇರಬಹುದು. ಆದರೆ ಹೊಸ ಮಕ್ಕಳನ್ನು ಹುಡುಕಿಕೊಳ್ಳಲು ಆ ಎರಡು ತಿಂಗಳು ಆಪಾಗೆ ಬೇಕಿತ್ತು. ಭವನದವರು ನೋಟಿಸು ಕೊಟ್ಟರು. ಕೊನೆಯ ದಿನ ಉಳಿದಿದ್ದು ಎರಡೇ ಮಕ್ಕಳು. ಎರಡೇ ಹೆಸರಿನ ಹಾಜರಿಯನ್ನು ಆಪಾ ಎಂದಿನ ಗಟ್ಟಿ ದನಿಯಲ್ಲೇ ಕೂಗಿದರು. ಗೋಡೆಯ ಚಿತ್ರಗಳನ್ನು ಬಿಚ್ಚುವಾಗ "ಮುಂದೆ ಏನ್ ಮಾಡ್ತೀರಾ ಆಪಾ?" ಎಂದು ಕೇಳಿದೆ.

"ಏನ್ ಮಾಡ್ಲಿ ಬೇಟಿ. ನನಗ ಬರೂದು ಇದೊಂದೇ."

ಆಗಲಾದರೂ ಹೇಳಬೇಕಿತ್ತು. ಕ್ಷಮಿಸಿ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು ಕೂಡ. ಹೊರಗೆ ನನ್ನ ಗಂಡ ಹಾರ್ನ್ ಹೊಡೆದರು, ಅದೇ ನೆಪವಾಯಿತು. ಮುಂದಿನ ತಿಂಗಳು ನಾವು ಬೆಂಗಳೂರಿಗೆ ಬಂದೆವು.

ಪ್ರತಿ ರಂಜಾನಿಗೂ ಫೋನ್ ಮಾಡಬೇಕು ಅಂದುಕೊಂಡು ಎರಡು ವರ್ಷ ಕಳೆದೆ. ಕೊನೆಗೊಂದು ದಿನ ಮಾಡಿದೆ. ಆಪಾ ಅವರ ತಂಗಿ ಎತ್ತಿಕೊಂಡರು. ಆಪಾ ತೀರಿಕೊಂಡು ನಲವತ್ತು ದಿನವಾಗಿತ್ತು. ಶಾಲೆ ಮುಚ್ಚಿದ ಮೇಲೆ ಯಾವುದೋ ಅಂಗಡಿಯಲ್ಲಿ ದಿನವಿಡೀ ನಿಂತು ಬಟ್ಟೆ ಮಡಿಸುತ್ತಿದ್ದರಂತೆ. ಕಾಲು ಊದಿಕೊಂಡಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ನಾನು ಫೋನು ಇಡಲಿಲ್ಲ.

"ಅಕ್ಕಾಗ ಏನರ ಹೇಳೋದಿತ್ತೇನವಾ? ನನ್ನ ಮುಂದ ಹೇಳು, ನಾ ಕೇಳ್ತೀನಿ" ಎಂದರು ಆಕೆ.

"ಏನಿಲ್ಲ," ಅಂದೆ. "ಸುಮ್ನೆ ಮಾಡಿದ್ದೆ."