ಪೆನ್‌ಡ್ರೈವ್‌ನಲ್ಲಿ ಕೊಟ್ಟ ಅಳತೆ

ನನ್ನ ಮೊಮ್ಮಗಳು ಕಂಪ್ಯೂಟರಿಗೆ ಅಡುಗೆ ಕಲಿಸಿದಳು. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಎಷ್ಟು ಜನ, ಯಾವ ತಿಂಡಿ ಎಂದು ಒತ್ತಿದರೆ ಸಾಕು; ಅಕ್ಕಿ ಎಷ್ಟು, ಉದ್ದು ಎಷ್ಟು, ಎಷ್ಟು ಗಂಟೆಗೆ ನೆನೆಹಾಕಬೇಕು, ಎಲ್ಲವೂ ಪರದೆಯ ಮೇಲೆ ಬರುತ್ತದೆ. ತಮಿಳಿನಲ್ಲೂ ಬರುತ್ತದೆ, ಕನ್ನಡದಲ್ಲೂ ಬರುತ್ತದೆ. ತಮಿಳರ ಊರಲ್ಲೇ ಹುಟ್ಟಿ ಬೆಳೆದು ಕನ್ನಡ ಓದಲು ಬಾರದ ಹುಡುಗಿ ಒಂದೊಂದು ಪದವನ್ನೂ ನನ್ನ ಬಾಯಿಂದ ಕೇಳಿ ಬರೆದಳು. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕಾಲೇಜು ಹುಡುಗಿಗೆ ಕಾಗುಣಿತ ಹೇಳಿಕೊಟ್ಟೆ! ಆ ಎರಡು ತಿಂಗಳು ನನ್ನ ಕಾಲು ನೆಲದ ಮೇಲೆ ನಿಂತಿದ್ದರೆ ಕೇಳಿ.

ಅಳತೆ ನನ್ನದು. ನಾನು ಮನೆಯಲ್ಲೇ ಆರ್ಡರ್ ಹಿಡಿದು ಇಡ್ಲಿ, ಕಡುಬು, ಗೋಳಿಬಜೆ ಮಾಡಿಕೊಡಲು ತೊಡಗಿ ಮೂವತ್ತು ವರ್ಷ ದಾಟಿತು. ಆ ಲೆಕ್ಕ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಅವಳು ನನ್ನ ಕೈ ಹಿಡಿದು ನಿಲ್ಲಿಸಿ, ಮುಷ್ಟಿಯಲ್ಲಿದ್ದ ಮೆಂತ್ಯವನ್ನು ತೂಗಿ ಬರೆದುಕೊಳ್ಳುತ್ತಿದ್ದಳು.

"ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲಿಗೆ ಹಿಟ್ಟು ಎಷ್ಟು ಗಂಟೆಯಲ್ಲಿ ಉಬ್ತದೆ ಅಜ್ಜಿ? ಕರೆಕ್ಟಾ ಹೇಳಿ."

"ಅದು ಉಬ್ಬಿದಾಗ ಉಬ್ಬಿತು ಮಾರಾಯ್ತಿ, ಅದಕ್ಕೆ ಗಡಿಯಾರ ಕಟ್ಲಿಕ್ಕೆ ಆಗ್ತದಾ?"

ಅದಕ್ಕೂ ಗಡಿಯಾರ ಕಟ್ಟಿದಳು.

ಅದೇ ದಿನಗಳಲ್ಲಿ ಕಾಲೇಜಿಗೆಂದು ಒಂದು ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು. ಕೆಲವು ದೇಶ ಗಾಢ ಕೆಂಪು, ಕೆಲವು ತಿಳಿ, ಕೆಲವು ಬಿಳಿ.

"ಇದೆಂತ, ಪ್ರಪಂಚಕ್ಕೆ ಅಮ್ಮ ಎದ್ದ ಹಾಗೆ ಉಂಟಲ್ಲ?" ಎಂದೆ.

"ದುಡ್ಡು ಕೊಡದೆ ಸಾಫ್ಟ್‌ವೇರ್ ಕಾಪಿ ಮಾಡೋದು ಎಲ್ಲಿ ಜಾಸ್ತಿಯೋ ಅಲ್ಲಿ ಕೆಂಪು."

"ನಮ್ಮದು?"

"ಕೆಂಪೇ ಅಜ್ಜಿ."

"ಅಂದ್ರೆ ಬಿಳಿ ದೇಶದವರೆಲ್ಲ ಸಾಚಾ, ನಾವೆಲ್ಲ ಕಳ್ಳರಾ?"

"ಅಯ್ಯೋ ಅಪ್ಪಡಿ ಇಲ್ಲೆ, ಹಾಗಲ್ಲ. ಅಲ್ಲಿ ಅದರ ಬೆಲೆ ಅವರ ಎರಡು ದಿನದ ಸಂಬಳ. ಬೇರೆ ಕಡೆ ಅದೇ ಎರಡು ತಿಂಗಳಿಂದು. ಕೇಳುವ ಕಾನೂನೂ ಇಲ್ಲ. ಮತ್ತೆ, ಮಾಡಿದವರು ಎಲ್ಲೋ ದೂರ ಇರ್ತಾರೆ. ಮುಖ ಗೊತ್ತಿದ್ರೆ ಜನ ಕೊಡ್ತಾರೆ ಅಜ್ಜಿ." ಈ ಕೊನೆಯ ಮಾತನ್ನು ಅವಳು ಭೂಪಟದ ಕೆಳಗೆ ಇಂಗ್ಲಿಷಿನಲ್ಲಿ ಟೈಪು ಮಾಡಿಯೂ ಇಟ್ಟಿದ್ದಳು.

ಅಷ್ಟರಲ್ಲಿ ನಾನು ಮಾಡಬಾರದ್ದನ್ನು ಮಾಡಿಯಾಗಿತ್ತು. ನಮ್ಮ ಶುಕ್ರವಾರದ ಭಜನೆಯಲ್ಲಿ ಊರ ಕಡೆಯ ಹೆಂಗಸರು ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಹೆಚ್ಚಿನವರು ತಿಂಡಿ ಆರ್ಡರಿನವರೇ. ಮೊಮ್ಮಗಳ ಸುದ್ದಿಯನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಹೇಳಿದೆ. ಮಂಗಳಾರತಿಗೆ ಮೊದಲೂ ಹೇಳಿದೆ, ಆಮೇಲೂ ಹೇಳಿದೆ. "ನಮಗೂ ಕೊಡಿ" ಎಂದರು. ಆರ್ಡರ್ ಪಟ್ಟಿಯನ್ನು ಜೆರಾಕ್ಸ್ ಅಂಗಡಿಗೆ ಒಯ್ಯಲೆಂದು ಪೆನ್‌ಡ್ರೈವಿಗೆ ಹಾಕುವುದನ್ನು ಅವಳೇ ನನಗೆ ಕಲಿಸಿದ್ದಳು. ಹಾಗೆಯೇ ಇದನ್ನೂ ಹಾಕಿ ಕೊಟ್ಟೆ. ನಮ್ಮಲ್ಲಿ ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಖಾಲಿ ವಾಪಸು ಮಾಡುವುದಿಲ್ಲ. ನನ್ನ ಪೆನ್‌ಡ್ರೈವ್ ಒಂದೊಂದು ಮನೆ ಸುತ್ತಿ ಬಂದಾಗಲೂ ಜೊತೆಗೆ ಹಪ್ಪಳವೋ ಸಂಡಿಗೆಯೋ ಬಂತು. ಕೊಟ್ಟದ್ದಕ್ಕೆ ಬಂದದ್ದು ಸರಿಹೋಯಿತು ಎಂದುಕೊಂಡೆ.

ಮೊಮ್ಮಗಳು ಅದನ್ನು ಮಾರಲು ಹೊರಟಿದ್ದಾಳೆ ಎಂದು ನನಗೆ ಗೊತ್ತಾದದ್ದು ಅವಳು ಮಾರಲಾಗದೆ ತಿರುಗಿ ಬಂದ ದಿನ. ವಡಪಳನಿಯಲ್ಲಿ ಶೂಟಿಂಗಿನವರಿಗೆ ಊಟ ತಿಂಡಿ ಒದಗಿಸುವ ಕಂಟ್ರಾಕ್ಟರ್ ಒಬ್ಬರಿದ್ದಾರೆ, ನಮ್ಮ ಭಜನೆಯ ಗೆಳತಿಯೊಬ್ಬಳ ತಮ್ಮ. ಮೊದಲ ಗಿರಾಕಿ ಅವರೇ ಆಗಲಿ ಎಂದು ಅಲ್ಲಿಗೆ ಹೋಗಿದ್ದಳು. ಅವಳು ಲ್ಯಾಪ್‌ಟಾಪ್ ತೆರೆಯುವ ಮೊದಲೇ ಅವರು ತಮ್ಮ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರಂತೆ. "ಇದು ತಾನೇ ಮಾ? ನಮ್ಮಲ್ಲಿ ಆಗಲೇ ಉಂಟಲ್ಲ. ಸೂಪರಾ ಇರುಕ್ಕು!"

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. "ಯಾರಿಗೆಲ್ಲ ಕೊಟ್ರಿ ಅಜ್ಜಿ?"

ಹೇಳಿದೆ. ಒಂಬತ್ತು ಹೆಸರು.

"ಮೊದಲ ಫೀಸಿನಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ತಗೊಂಡು ಇದನ್ನೇ ದೊಡ್ಡದು ಮಾಡ್ಬೇಕು ಅಂತಿದ್ದೆ. ಇನ್ನು ಯಾರು ತಗೊಳ್ತಾರೆ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕುಳಿತು, ಭೂಪಟದ ಕೆಳಗೆ ಟೈಪು ಮಾಡಿದ್ದ ಆ ಒಂದು ಸಾಲನ್ನು ಅಳಿಸಿದಳು. ನನಗೆ ಇಂಗ್ಲಿಷ್ ಬಾರದು, ಆದರೆ ಯಾವ ಸಾಲು ಎಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆಯೇ ಗೆಳತಿಯ ಮನೆಗೆ ಹೋದೆ. "ನಿನ್ನ ತಮ್ಮ ಅದಕ್ಕೆ ದುಡ್ಡು ಕೊಡಲಿ, ಇಲ್ಲ ಅಳಿಸಲಿ" ಎಂದೆ.

"ನೀವೇ ಕೊಟ್ಟು ನೀವೇ ಕೇಳೋದಾ ಅಕ್ಕ? ಕಂಪ್ಯೂಟರಿನೊಳಗಿಂದು, ಕೊಟ್ರೆ ಮುಗಿದುಹೋಗ್ತದಾ?"

ನನ್ನ ಮನೆಯಿಂದ ಒಯ್ದ ಒಂದು ಲೋಟ ಸಕ್ಕರೆಯನ್ನು ಅಂಚು ಮೀರಿ ತುಂಬಿಸಿ ತಂದುಕೊಡುವ ಹೆಂಗಸು ಇವಳು.

"ಕೊಟ್ಟದ್ದು ನಾನೇ. ಕೊಡ್ಲಿಕ್ಕೆ ಅದು ನನ್ನದಾಗಿರಲಿಲ್ಲ."

"ಮೊಮ್ಮಗಳು ನಿಮ್ಮವಳು, ಅಳತೆ ನಿಮ್ಮದು. ಮತ್ತೆ ಯಾರದ್ದಾಯ್ತು?"

ಮೆಂತ್ಯದ ಮುಷ್ಟಿ ನನ್ನದೇ. ಅದನ್ನು ತೂಗಿ, ಬರೆದು, ಕಣ್ಣು ಕೆಂಪು ಮಾಡಿಕೊಂಡು ಕೂತವಳು ಅವಳು. ಅಷ್ಟನ್ನೇ ಹೇಳಿ ಬಂದೆ.

ನಾಲ್ಕು ದಿನದ ಮೇಲೆ ಕಂಟ್ರಾಕ್ಟರೇ ಮೊಮ್ಮಗಳಿಗೆ ಫೋನು ಮಾಡಿದರು. ಮುನ್ನೂರು ಜನ ದಾಟಿದರೆ ಲೆಕ್ಕ ತಪ್ಪುತ್ತದಂತೆ, ಸರಿಮಾಡಿಕೊಡಬೇಕಂತೆ. ನಾನು ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತೆ.

"ಮಾಡಿಕೊಡ್ತೇನೆ ಅಂಕಲ್. ಮೊದಲು ಇರೋದಕ್ಕೆ ಫೀಸು ಕೊಡಿ" ಎಂದಳು. ಸ್ವಚ್ಛ ಕನ್ನಡದಲ್ಲಿ, ಅಷ್ಟು ದೊಡ್ಡ ಗಂಡಸಿಗೆ, ಧ್ವನಿ ಒಂದಿಷ್ಟೂ ನಡುಗದೆ!

ಆ ಕಡೆಯಿಂದ "ಪಾಕ್ಕಲಾಂ ಮಾ" ಎಂದು ಕೇಳಿಸಿತು. ನೋಡೋಣ. ಅವರಿನ್ನೂ ನೋಡುತ್ತಲೇ ಇದ್ದಾರೆ. ಅವಳೂ ಆ ಕೆಲಸವನ್ನು ಮುಂದುವರಿಸಿಲ್ಲ. ನನ್ನನ್ನು ಅಳತೆ ಕೇಳಿಯೂ ಇಲ್ಲ.

ಹೋದ ಶುಕ್ರವಾರ ಭಜನೆಯಲ್ಲಿ ಗೆಳತಿ ನನ್ನ ಪಕ್ಕ ಕೂರಲಿಲ್ಲ. ಇನ್ನೊಬ್ಬಳು ಜರುಗಿ ಬಂದು, "ಹುಡುಗಿ ಈಗ ಎಂತ ಮಾಡ್ತಾ ಉಂಟು ಅಕ್ಕ?" ಎಂದಳು. ಫೋನಿನಲ್ಲಿ ಮೊಮ್ಮಗಳು ಆಡಿದ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು.

"ಅವಳನ್ನೇ ಕೇಳು" ಎಂದು ತಾಳ ಎತ್ತಿಕೊಂಡೆ.