ನಾಗಸೇನ ಮಿಸ್ತ್ರಿಯ ಪಾಠದ ಹಲಗೆ

ಬೆಳಗಿನ ಜಾವ. ಅಂಗಳದಲ್ಲಿ ಬಂಧುಗಳು ಸೇರಿದ್ದರು. ಒಳಗೆ ನನ್ನ ಮಗಳು ಸುವರ್ಣಾಳ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ.

"ಮೇಡಮೋರ, ನಮಸ್ಕಾರ್ರಿ. ನಿಮ್ಮ ಹಲಗಿ ತಯಾರ ಆಗ್ಯಾದ. ಔರಾದ ಬಸ್ಸಿಗಿ ಹಾಕ್ಲೇನ್ರಿ?"

ಭಾಲ್ಕಿಯ ಬಡಗಿ ನಾಗಸೇನ ಮಿಸ್ತ್ರಿಯ ದನಿ. ಸುವರ್ಣಾ ರಾತ್ರಿಯೇ ಬೀದರಿನ ಆಸ್ಪತ್ರೆಯಲ್ಲಿ ಲಿಂಗೈಕ್ಯಳಾದಳೆಂದು ಹೇಳಿದೆ.

ಸುವರ್ಣಾ ಸಂತಪುರದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಘರ್ಷಣೆಯ ಪಾಠವನ್ನು ಬರೀ ಬಾಯಿಂದ ಹೇಳಿ ಮುಗಿಸುವುದು ಅವಳಿಗೆ ಒಗ್ಗುತ್ತಿರಲಿಲ್ಲ. ಒಂದು ಬದಿ ನುಣುಪು, ಇನ್ನೊಂದು ಬದಿ ಒರಟಾಗಿರುವ ಉದ್ದನೆಯ ಹಲಗೆಯನ್ನು ಮಾಡಿಕೊಡಲು ಮಿಸ್ತ್ರಿಗೆ ಹೇಳಿದ್ದಳು. ಅದರ ಮೇಲೆ ಮರದ ತುಂಡು ಜಾರಿಸಿ ಮಕ್ಕಳು ತಾವೇ ತಿಳಿಯಬೇಕೆಂಬುದು ಅವಳ ಆಸೆ.

ನಾಗಸೇನ ಸೂರ್ಯ ಹುಟ್ಟುವ ಮೊದಲೇ ರಂದಾ ಹಿಡಿದು ಕಟ್ಟಿಗೆ ಹೆರೆಯಲು ಕೂರುತ್ತಾನೆ. ಅವನ ತಂದೆ ಬಂಡಿಯ ಗಾಲಿ ಮಾಡುತ್ತಿದ್ದರು. ರಬ್ಬರಿನ ಗಾಲಿ ಬಂದ ಮೇಲೆ ಆ ಕೆಲಸ ನಿಂತಿತು. ಈಗ ಬಾಗಿಲುಗಳೂ ಕಾರ್ಖಾನೆಯಿಂದ ಬರುತ್ತವೆ. ಮಂಚದ ಕಾಲು, ಲಟ್ಟಣಿಗೆಗಳ ನಡುವೆ ಆತ ಶಾಲೆಗಳಿಗೆ ರಾಟೆ, ಪುಟ್ಟ ಗಾಡಿ, ತಕ್ಕಡಿ ಮಾಡಿಕೊಡುತ್ತಾನೆ. ಕಮಲನಗರದಿಂದಲೂ ಕೇಳಿಕೊಂಡು ಬರುತ್ತಾರೆ.

"ನಮ್ಮ ಮನಿ ಬಾಗಲಾ ವರ್ಷಾತು, ಕಿರ್ರ್ ಅಂತದ. ಸಾಲಿ ಸಾಮಾನ ಅಂದ್ರ ಊಟಾನೂ ಮರೀತಾನ" ಎಂದು ಹೆಂಡತಿ ವಿಶಾಖಾ ಚುಚ್ಚುತ್ತಾಳೆ. "ಆ ಸಪ್ಪಳಾ ಇದ್ರ ಕಳ್ಳರು ಬರಂಗಿಲ್ಲ ಬಿಡು" ಎನ್ನುತ್ತಾನೆ ಈತ.

ದಿನಗಳು ಕಳೆದರೂ ಶಾಲೆಯಲ್ಲಿ ಸುವರ್ಣಾಳ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಘರ್ಷಣೆಯ ಪಾಠ ನಿಂತಲ್ಲೇ ನಿಂತಿದೆ. ಹಲಗೆಯೂ ಸಾಮಾನಿನ ಕೋಣೆ ಸೇರಿದರೆ ಈ ಮಕ್ಕಳಿಗೆ ಅವಳ ಪಾಠ ತಪ್ಪಿಹೋಗುತ್ತದೆ. ಅದಕ್ಕೇ ನಾಗಸೇನ ತಾನೇ ಅದನ್ನು ಹೊತ್ತು ಸಂತಪುರಕ್ಕೆ ಬಂದಿದ್ದಾನೆ. ನಾನೂ ಜೊತೆಗಿದ್ದೇನೆ. ನೀವೇ ತೋರಿಸಿ ಎಂದು ಹೆಡ್‌ಮಾಸ್ತರರು ಕೇಳಿದರೆ, "ನಾ ಮಾಸ್ತರ ಅಲ್ರಿ" ಎಂದು ಬೆವರು ಒರೆಸಿಕೊಳ್ಳುತ್ತಾನೆ. ಆದರೂ ಹಲಗೆಯ ಒಂದು ತುದಿಯನ್ನು ಬೆಂಚಿನ ಮೇಲೆ ಏರಿಸುತ್ತಾನೆ. ಮರದ ತುಂಡು ಸರ್ರನೆ ಜಾರುತ್ತದೆ. ಹಲಗೆ ಮಗುಚಿ ಇಟ್ಟರೂ ಹಾಗೆಯೇ ಜಾರುತ್ತದೆ.

"ಕಾಕಾ, ಎರಡೂ ಕಡಿ ಜಾರಬಂಡಿನೇ ಮಾಡೀರಲ್ರಿ!" ಎನ್ನುತ್ತಾಳೆ ಮುಂದಿನ ಸಾಲಿನ ಮುಸರ್ರತ. ತರಗತಿಯೆಲ್ಲ ನಗುತ್ತದೆ.

ನಾಗಸೇನನ ಮುಖ ಸಣ್ಣದಾಗುತ್ತದೆ. ನನ್ನ ಕಡೆ ತಿರುಗಿ ಹೇಳುತ್ತಾನೆ: "ಒಂದು ಕಡಿ ಒರಟ ಬಿಟ್ಟಿದ್ದೆ ರೀ ಅಪ್ಪಾರ. ಸುದ್ದಿ ಕೇಳಿದ ಮ್ಯಾಲ ಮನಸ್ಸು ಒಪ್ಪಲಿಲ್ಲ. ಹೋದವರ ಕೆಲಸ ಅರ್ಧಮರ್ಧ ಹ್ಯಾಂಗ ಕೊಡ್ಲಿ ಅಂತ ಮತ್ತ ರಂದಾ ಹೊಡದೆ, ಎಣ್ಣಿ ಕುಡಿಸಿ ಪಾಲಿಶ್ ಮಾಡ್ದೆ."

ಹಲಗೆಯ ಮೇಲೆ ಕೈಯಾಡಿಸುತ್ತೇನೆ. ಕನ್ನಡಿಯಂತಿದೆ. "ಇರಲಿ ಬಿಡಪ್ಪಾ, ಇಷ್ಟ ಚೆಂದ ಆಗ್ಯಾದ" ಎನ್ನುತ್ತೇನೆ.

"ಚೆಂದ ಆಗ್ಯಾದ್ರಿ, ಕೆಲಸಕ್ಕ ಬಾರದಂಗ ಆಗ್ಯಾದ."

ಚೀಲದಿಂದ ಗರಗಸ ತೆಗೆದು, ಅದರ ಹಲ್ಲುಗಳನ್ನು ತನ್ನದೇ ಪಾಲಿಶಿನ ಮೇಲೆ ಅಡ್ಡಡ್ಡ ಎಳೆಯುತ್ತಾನೆ. ಮೊದಲ ಗೀರು ಬೀಳುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆಮೇಲೆ ನಿಲ್ಲಿಸುವುದಿಲ್ಲ. ಬದಿಯೆಲ್ಲ ಬಿಳಿಯ ಸಿಬಿರೇಳುತ್ತದೆ.

ಈಗ ತುಂಡು ಇಟ್ಟಲ್ಲೇ ನಿಲ್ಲುತ್ತದೆ. ಮುಸರ್ರತ ಹಲಗೆಯ ತುದಿಯನ್ನು ಇನ್ನಷ್ಟು ಎತ್ತುತ್ತಾಳೆ. ತುಂಡು ಅಲ್ಲಾಡದು. "ಹಿಡಕೊಂಡದ ರೀ ಕಾಕಾ!"

"ತುಂಡು ಕೆಳಗ ಜಗ್ತದ, ಹಲಗಿ ಹಿಡೀತದ. ಎತ್ತಿದಂಗ ಜಗ್ಗೋದು ಹೆಚ್ಚಾಗ್ತದ. ಹಲಗಿ ಹಿಡಿತಕ್ಕೂ ಒಂದು ಮಿತಿ ಅದ ನೋಡವ್ವಾ. ಮಿತಿ ದಾಟಿಸು, ಜಾರ್ತದ."

ಅವಳು ಎತ್ತುತ್ತಾಳೆ. ಜಾರುತ್ತದೆ. ನನಗೆ ನನಗೆ ಎಂದು ಮಕ್ಕಳು ಮುಗಿಬೀಳುತ್ತಾರೆ. ಒಬ್ಬ ಚಪ್ಪಲಿ ಇಟ್ಟು ನೋಡುತ್ತಾನೆ, ಇನ್ನೊಬ್ಬಳು ರಬ್ಬರು. ಮಿಸ್ತ್ರಿ ಬೆವರುವುದನ್ನು ಮರೆತು ಅವರ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

ಹಲಗೆ ತರಗತಿಯಲ್ಲೇ ಇರಲಿ ಎಂದು ಹೆಡ್‌ಮಾಸ್ತರರು ಹೇಳುತ್ತಾರೆ. ನಾಗಸೇನ ಅವರಲ್ಲಿ ಒಂದೇ ಮಾತು ಕೇಳಿಕೊಳ್ಳುತ್ತಾನೆ: "ಬೀಗದಾಗ ಇಡಬ್ಯಾಡ್ರಿ ಸರ್, ಮಕ್ಕಳು ತಿಕ್ಕಲಿ. ತಿಕ್ಕಿ ತಿಕ್ಕಿ ನುಣುಪಾದ್ರ ಹೇಳಿ ಕಳಸ್ರಿ. ಬಂದು ಮತ್ತ ಒರಟ ಮಾಡಿ ಕೊಡ್ತೀನಿ."

ತಂದೆ ಬಸವಣ್ಣಾ, ಸುವರ್ಣಾಳ ಪಾಠವನ್ನು ನಡೆಸಿಕೊಟ್ಟ ಈ ಕೈಗಳನ್ನು ಕಾಯಿ. ದಣಿದು ಬಂದ ನನ್ನ ಮಗಳಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು.