ಒಂದೇ ಕಡೆ ಸವೆದ ಕಲ್ಲು

ನಲವತ್ತು ವರ್ಷ ಊರವರ ಬಾಯಿಗೆ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನಿಗೆ ಒಂದು ಹಲ್ಲಿನ ಗುರುತು ಸಿಗಲಿಲ್ಲವೆಂದರೆ ಯಾರಾದರೂ ನಕ್ಕಾರು. ನಗು ಆಗಲೂ ಇತ್ತು, ಆದರೆ ನಕ್ಕವನು ಅವನೇ, ನಗೆಪಾಟಲಾದವಳು ಅವನ ಹೆಂಡತಿ.

ಹನ್ನೊಂದು ವರ್ಷದ ಹಿಂದೆ ಸಮುದ್ರದ ದಂಡೆಯಲ್ಲಿ ಅವಳು ಒಂದು ಕಪ್ಪು ಕಲ್ಲು ಹೆಕ್ಕಿದ್ದಳು. ಇಟ್ಟಿಗೆಯಷ್ಟು ಭಾರ, ಒಂದು ಮುಖದ ಮೇಲೆ ಅಡ್ಡಡ್ಡ ಏಣುಗಳು. ಹೆಬ್ಬೆರಳಾಡಿಸಿ ನೋಡಿ, "ರೀ, ಇದು ಹಲ್ಲು. ನೀರಿಗೆ ಸವೆದಿದ್ರೆ ಸುತ್ತಲೂ ಸವೀತಿತ್ತು. ಇದು ಒಂದೇ ಕಡೆ ಸವೆದಿದೆ, ಏನನ್ನೋ ಅಗಿದಿದೆ" ಅಂದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಂಡ ಕಟ್ಟಿದ ಪ್ರತಿ ಸೆಟ್ಟನ್ನೂ ಉಜ್ಜಿ ಪಾಲಿಶ್ ಮಾಡುತ್ತಿದ್ದವಳು ಅವಳೇ. ರಿಪೇರಿಗೆ ಬಂದ ಹಳೇ ಸೆಟ್ಟು ಮುಟ್ಟಿದರೆ ಸಾಕು, ಅದನ್ನು ಹಾಕಿಕೊಳ್ಳುವವರು ಯಾವ ಕಡೆಯಿಂದ ಅಗಿಯುತ್ತಾರೆಂದು ಹೇಳಿಬಿಡುತ್ತಿದ್ದಳು. ಗಂಡ ಕಲ್ಲನ್ನು ತಿರುಗಿಸಿ ಬೇರು ಹುಡುಕಿದ, ಕಾಣಲಿಲ್ಲ. ಹಲ್ಲಿನ ವಿಷಯ ತನಗೆ ಬಿಡು ಎಂದ. ಬಂದ ನೆಂಟರಿಗೆಲ್ಲ ಈ ಕಥೆ ಹೇಳಿ ನಗಿಸಿದ. ಕಲ್ಲು ಅವನ ಮೇಜಿನ ಪ್ಲಾಸ್ಟರ್ ಅಚ್ಚುಗಳ ಮೇಲೆ ಭಾರಕ್ಕೆ ಕೂತಿತು. ಅವಳು ಮತ್ತೆ ಆ ಮಾತೆತ್ತಲಿಲ್ಲ.

ಅವಳು ತೀರಿಕೊಂಡ ಮೇಲೆ ಪಾಲಿಶ್ ಕೆಲಸವೂ ಅವನ ತಲೆಗೇ ಬಂತು. ಒಂದು ಮಧ್ಯಾಹ್ನ ಸವೆದ ಸೆಟ್ಟೊಂದನ್ನು ಬೆರಳಲ್ಲಿ ತಡವುತ್ತಿದ್ದವನು, ಅದೇ ಬೆರಳಲ್ಲಿ ಪಕ್ಕದ ಕಲ್ಲನ್ನು ಸುಮ್ಮನೆ ಮುಟ್ಟಿದ. ಎರಡರ ಸವೆತವೂ ಬೆರಳಿಗೆ ಒಂದೇ ಥರ ಸಿಕ್ಕಿತು. ಅವಳ ಮಾತೇ ನಿಜವಾಗಿದ್ದರೆ ತಪ್ಪಾಯಿತೆಂದು ಈಗ ಯಾರಿಗೆ ಹೇಳುವುದು? ತಿಳಿದುಕೊಳ್ಳಲು ಭಯ, ತಿಳಿಯದೆ ಇರಲೂ ಆಗದು. ಮರುದಿನ ಬೆಳಿಗ್ಗೆ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತಿದ.

ಅಲ್ಲಿನ ಅಧಿಕಾರಿ ನಡುವಯಸ್ಸಿನ ಹೆಂಗಸು. ಭೂತಗನ್ನಡಿ ಹಿಡಿದು, ದಪ್ಪ ಪುಸ್ತಕದ ಚಿತ್ರಗಳ ಜೊತೆ ಹೋಲಿಸಿ, ತುಂಬ ಹೊತ್ತಿನ ಮೇಲೆ ತಲೆಯೆತ್ತಿದರು. ಇದು ಕಲ್ಲಾಗಿಹೋದ ದವಡೆ ಹಲ್ಲು, ಈಗ ಭೂಮಿಯ ಮೇಲಿಲ್ಲದ ಒಂದು ಜಾತಿಯ ಆನೆಯದು ಎಂದರು. ಆನೆಯ ಹಲ್ಲಿಗೆ ಮನುಷ್ಯರ ಹಲ್ಲಿನ ರೂಪವಿಲ್ಲ, ಬೇರು ಮುರಿದುಹೋಗಿದೆ, ಗೊತ್ತಿಲ್ಲದವರು ಕಲ್ಲೆಂದೇ ತಿಳಿಯುತ್ತಾರಂತೆ.

"ಈ ಸವೆತ ನೋಡಿ, ಒಂದೇ ಕಡೆ ಇದೆ. ನೀರಿನ ಕೆಲಸ ಅಲ್ಲ ಇದು, ಅಗಿದು ಆಗಿರೋದು."

ಹನ್ನೊಂದು ವರ್ಷ ಆ ಮಾತು ಅವನ ಮೇಜಿನ ಮೇಲೇ ಇತ್ತು.

ಅಧಿಕಾರಿ ರಿಜಿಸ್ಟರ್ ತೆರೆದರು. ಸಿಕ್ಕಿದ್ದು ಯಾರಿಗೆ ಎಂಬಲ್ಲಿ, ಅವನು ಹೇಳಿದಂತೆ, ಹೆಂಡತಿಯ ಹೆಸರು ಬರೆದರು. ಪಕ್ಕದಲ್ಲಿ 'ಗುರುತಿಸಿದವರು' ಎಂಬ ಅಂಕಣ. ಅಲ್ಲಿ ತಮ್ಮ ಹೆಸರು ಬರೆಯಲು ಹೊರಟಾಗ ಅವನು ಕೈ ಅಡ್ಡ ಇಟ್ಟ.

"ಅಲ್ಲೂ ಅವಳ ಹೆಸರೇ ಬರೀರಿ ಮೇಡಂ. ಸಿಕ್ಕಿದ ದಿನವೇ ಹೇಳಿದ್ಲು. ಹಲ್ಲು ಕಟ್ಟೋನು ನಾನು, ನಾನೇ ನಂಬ್ಲಿಲ್ಲ."

ಅವರು ಅವನ ಮುಖವನ್ನೊಮ್ಮೆ ನೋಡಿ, ಅಲ್ಲೂ ಅವಳ ಹೆಸರನ್ನೇ ಬರೆದರು.

ಅಂಗಡಿಯ ಬೋರ್ಡಿನ ಮೇಲೆ ಇಷ್ಟು ವರ್ಷವೂ ಇದ್ದದ್ದು ಅವನೊಬ್ಬನ ಹೆಸರು. ಶಾಯಿ ಆರುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.